ಎಕ್ಸ್‌ರೇ ನಾರ್ಮಲ್ ಅಂದಮಾತ್ರಕ್ಕೆ ನಿರಾಳವಲ್ಲ
ಎದೆಯ ಎಕ್ಸ್‌ರೇ ನಾರ್ಮಲ್ ಬಂದರೆ ಶ್ವಾಸಕೋಶದ ಕ್ಯಾನ್ಸರ್ ಭಯ ಬೇಡ ಎಂದು ಒಂದು ಲೇಖನದಲ್ಲಿ ಓದಿದೆ. ಒಪ್ಪುವುದು ಕಷ್ಟ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕ ಗಂಟು ಅದರಲ್ಲಿ ಕಣ್ತಪ್ಪುವುದೇ ಹೆಚ್ಚು. ದೊಡ್ಡದಿದ್ದರೂ ಕೊರಳೆಲುಬು ಮತ್ತು ಮೊದಲ ಪಕ್ಕೆಲುಬು ಒಂದರ ಮೇಲೊಂದು ಬೀಳುವ ಶ್ವಾಸಕೋಶದ ಮೇಲ್ತುದಿ, ಹೃದಯದ ಹಿಂಬದಿ, ರಕ್ತನಾಳಗಳು ಒಟ್ಟುಗೂಡುವ ಮಧ್ಯಭಾಗ, ಇಲ್ಲೆಲ್ಲ ಅಡಗಿಬಿಡುತ್ತದೆ. ಉಸಿರು ಪೂರ್ತಿ ಎಳೆದು ಹಿಡಿಯದೆ ತೆಗೆಸಿದರಂತೂ ಕೆಳಭಾಗವೆಲ್ಲ ಮಬ್ಬು. ಹಳೆಯ ಫಿಲ್ಮ್ ಇದ್ದರೆ ತಪ್ಪದೆ ಒಯ್ಯಿರಿ, ಹೋಲಿಸಿ ನೋಡಿದಾಗಲೇ ಬೆಳವಣಿಗೆ ಗೊತ್ತಾಗುವುದು. ನ್ಯುಮೋನಿಯಾ ಎಂದು ಚಿಕಿತ್ಸೆ ಕೊಟ್ಟ ನೆರಳು ಆರೆಂಟು ವಾರವಾದರೂ ಕರಗದಿದ್ದರೆ, ಅಥವಾ ಕಫದಲ್ಲಿ ರಕ್ತ ಕಂಡರೆ (ಎಕ್ಸ್‌ರೇ ಏನೇ ಹೇಳಲಿ) ಸಿಟಿ ಸ್ಕ್ಯಾನ್ ಬೇಕು. ಲಕ್ಷಣವಿಲ್ಲದವರ ತಪಾಸಣೆಯ ವಿಷಯದಲ್ಲಿ 2011ರ ಅಮೆರಿಕದ ದೊಡ್ಡ ಅಧ್ಯಯನವೇ ಇದೆ: 55ರಿಂದ 74 ವಯಸ್ಸಿನ ವಿಪರೀತ ಧೂಮಪಾನಿಗಳಲ್ಲಿ, ಎಕ್ಸ್‌ರೇ ಗುಂಪಿಗಿಂತ ಕಡಿಮೆ ವಿಕಿರಣದ ಸಿಟಿ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ. 20ರಷ್ಟು ಕಡಿಮೆ.