ಸತ್ಯಾಂಶ: ಆನಂದಪುರ ಸಾಹಿಬ್ ನಿರ್ಣಯದಲ್ಲಿ ಏನಿತ್ತು?

ಪಂಜಾಬಿನ ಸಿಖ್ ಪಕ್ಷದ ಬಗ್ಗೆ, ‘1973ರಲ್ಲೇ ಅಕಾಲಿ ದಳ ಬೇರೆ ದೇಶ ಕೇಳಿತ್ತು’ ಎಂಬ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಇದು ತಪ್ಪು.

ಆ ವರ್ಷ ಆನಂದಪುರ ಸಾಹಿಬ್‌ನಲ್ಲಿ ಪಕ್ಷ ಒಪ್ಪಿದ ನಿರ್ಣಯ ಕೇಳಿದ್ದು ರಾಜ್ಯಕ್ಕೆ ಜಾಸ್ತಿ ಅಧಿಕಾರ. ರಕ್ಷಣೆ, ವಿದೇಶಾಂಗ, ನಾಣ್ಯ, ಸಂಪರ್ಕದಂಥ ಕೆಲವೇ ವಿಷಯ ಕೇಂದ್ರಕ್ಕಿರಲಿ, ಉಳಿದದ್ದು ರಾಜ್ಯಕ್ಕೆ ಬರಲಿ ಎಂದಿತ್ತು. ಹರಿಯಾಣದ ಜೊತೆ ಹಂಚಿಕೊಂಡಿರುವ ರಾಜಧಾನಿ ಚಂಡೀಗಢ ಪಂಜಾಬಿಗೇ ಸೇರಲಿ ಎಂದೂ ಕೇಳಿತ್ತು. ಖಾಲ್ಸಾದ (ದೀಕ್ಷೆ ಪಡೆದ ಸಿಖ್ಖರ ಸಮುದಾಯ) ಮೇಲುಗೈ ಎಂಬ ಮಾತೂ ಇತ್ತು, ಅನುಮಾನ ಹುಟ್ಟಲು ಅದೂ ಒಂದು ಕಾರಣ. ಆದರೆ ದೇಶ ಒಡೆಯುವ ಬೇಡಿಕೆ ಅದರಲ್ಲಿಲ್ಲ.

ಖಲಿಸ್ತಾನ, ಅಂದರೆ ಸಿಖ್ಖರ ಪ್ರತ್ಯೇಕ ದೇಶ, ಕೇಳಿದವರು ಇರಲಿಲ್ಲವೇ? ಇದ್ದರು. 1986ರ ಏಪ್ರಿಲ್ 29ರಂದು ಅಮೃತಸರದಲ್ಲಿ ಘೋಷಣೆಯೂ ಆಯಿತು. ಅದು ಬೇರೆ ಗುಂಪು. ಎರಡನ್ನೂ ಒಂದೇ ಎನ್ನುವುದು ಅನ್ಯಾಯ ಅಲ್ವಾ?

1985ರ ಜುಲೈ 24ರ ರಾಜೀವ್–ಲೋಂಗೋವಾಲ್ ಒಪ್ಪಂದ (ಪ್ರಧಾನಿ ರಾಜೀವ್ ಗಾಂಧಿ ಮತ್ತು ಅಕಾಲಿ ದಳದ ಮುಖ್ಯಸ್ಥ ಲೋಂಗೋವಾಲ್ ನಡುವಿನದು) ನೋಡಿ. ನಿರ್ಣಯ ಸಂವಿಧಾನದ ಚೌಕಟ್ಟಿನೊಳಗೇ ಇದೆ ಎಂದು ಅಕಾಲಿ ದಳ ಅಲ್ಲಿ ಹೇಳಿದೆ. ಕೇಂದ್ರ–ರಾಜ್ಯ ಸಂಬಂಧದ ಭಾಗವನ್ನು ಆ ವಿಷಯವನ್ನೇ ಪರಿಶೀಲಿಸುತ್ತಿದ್ದ ಸರ್ಕಾರಿಯಾ ಆಯೋಗಕ್ಕೆ ಒಪ್ಪಿಸಲಾಯಿತು. ಒಂದು ತಿಂಗಳೊಳಗೆ ಲೋಂಗೋವಾಲ್ ಅವರ ಕೊಲೆಯಾಯಿತು. ಒಪ್ಪಂದದ ಪ್ರಕಾರ 1986ರ ಜನವರಿ 26ಕ್ಕೆ ಚಂಡೀಗಢ ಪಂಜಾಬಿಗೆ ಸಿಗಬೇಕಿತ್ತು, ಸಿಗಲಿಲ್ಲ. ಇವತ್ತಿಗೂ ಪಂಜಾಬ್, ಹರಿಯಾಣ ಎರಡರ ವಿಧಾನಸಭೆಯೂ ಅಲ್ಲಿನ ಒಂದೇ ಕಟ್ಟಡದಲ್ಲಿ ಸೇರುತ್ತದೆ.