ಮೂಗು ರಜೆ ಹಾಕಿದ ಮಳೆಗಾಲ

ಕಾಫಿ ಬೀಜ ಸೀದು ಕರಕಲಾಗಿ, ಅಡುಗೆಮನೆ ತುಂಬಾ ಹೊಗೆ ಕವಿದು, ಆ ಹೊಗೆ ಕಿಟಕಿ ದಾಟಿ ಪಕ್ಕದ ಮನೆಯವರೆಗೂ ಹೋಗಿ, ಅವರು ಕೊಡೆ ಹಿಡಿದುಕೊಂಡು ಓಡಿ ಬರುವ ತನಕ ನಾನು ಒಲೆಯಿಂದ ಮೂರಡಿ ದೂರದಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಬಾಣಲೆ ನೋಡಿಕೊಳ್ಳುವ ಕೆಲಸ ನನ್ನದೇ. ಇವಳು ಹಿತ್ತಲಿಗೆ ಹೋಗುವಾಗ "ರೀ, ಘಮ ಬಂದ ತಕ್ಷಣ ಇಳಿಸಿಬಿಡಿ" ಅಂತ ಹೇಳಿ ಹೋಗಿದ್ದಳು. ಅವಳ ಮಾತು ಒಂದಕ್ಷರ ಮೀರಲಿಲ್ಲ. ಘಮ ಬರಲಿಲ್ಲ, ಇಳಿಸಲಿಲ್ಲ.

"ಮೂಗು ಇಲ್ಲ ಸರಿ, ಕಣ್ಣೂ ಇಲ್ವಾ?"

"ಪೇಪರ್ ಅಡ್ಡ ಇತ್ತು."

ಮಡಿಕೇರಿ ಕಡೆಯ ಜುಲೈ ಹೇಗಿರುತ್ತೆ ಅಂತ ಗೊತ್ತಲ್ವಾ. ಬಟ್ಟೆ ಒಣಗಲ್ಲ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತೆ, ಮನೆಯಲ್ಲಿ ಯಾರಾದರೊಬ್ಬರು ಸೀನುತ್ತಲೇ ಇರುತ್ತಾರೆ. ನನಗೂ ಒಂದು ವಾರ ಜ್ವರ, ನೆಗಡಿ. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅದು ನನಗೆ ಗೊತ್ತಾಗಲೇ ಇಲ್ಲ. ಮೂಗು ಕಟ್ಟಿದೆ, ಬಿಡುತ್ತೆ ಅಂತ ಸುಮ್ನೆ ಇದ್ದೆ. ಕಾಫಿ ಸೀದ ಮೇಲೆಯೇ ಹಿಂದಿನದೆಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ಅದಕ್ಕೆ ಹಿಂದಿನ ವಾರ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಎಲ್ಲರೂ ನನ್ನ ಅಕ್ಕಪಕ್ಕದ ಎರಡೆರಡು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು. ನಾನು ಮರ್ಯಾದೆ ಅಂದುಕೊಂಡಿದ್ದೆ. ಮುಗ್ಗಲು ಹಿಡಿದ ಸ್ವೆಟರ್ ಅಂತ ಈಗ ತಿಳಿಯಿತು.

ಆಗಸ್ಟ್ ಮೊದಲ ವಾರ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಬಂತು. ಅವತ್ತು ಮದ್ದುಸೊಪ್ಪಿನ ಪಾಯಸ ಆಗಲೇಬೇಕು. ಸೊಪ್ಪು ಕುದಿಯುವಾಗ ಇಡೀ ಮನೆಗೆ ಆ ವಾಸನೆ ಹಿಡಿಯುತ್ತೆ, ಇದ್ದೂರಿನವರಿಗೆ ಬಾಯಲ್ಲಿ ನೀರು, ಹೊರಗಿನವರಿಗೆ ಗಾಬರಿ. ನನಗೆ ಎರಡೂ ಆಗಲಿಲ್ಲ. ನೇರಳೆ ಬಣ್ಣದ್ದೇನೋ ಸಿಹಿಯಾಗಿದ್ದು ಗಂಟಲಲ್ಲಿ ಇಳಿಯಿತು ಅಷ್ಟೇ. ಬಚ್ಚಲಿಗೆ ಹೋಗಿ ಮೂತ್ರದ ಕೆಂಪು ಬಣ್ಣ ನೋಡಿದ ಮೇಲೆಯೇ ತಿಂದದ್ದು ಮದ್ದುಪಾಯಸ ಅಂತ ಖಾತ್ರಿಯಾಗಿದ್ದು.

ನನ್ನ ತಂಗಿಯ ಮಗಳು, ಅಂದರೆ ನನ್ನ ಸೋದರಸೊಸೆ, ಹೊರದೇಶದಲ್ಲಿ ಓದುತ್ತಿದ್ದಾಳೆ. ವಾಸನೆ ಬಂದಾಗ ಮೆದುಳಲ್ಲಿ ಏನಾಗುತ್ತೆ ಅನ್ನೋದು ಅವಳ ವಿಷಯ. ತಂಗಿಗೆ ಇದನ್ನೆಲ್ಲ ಬಿಡಿಸಿ ಹೇಳುವಷ್ಟು ತಾಳ್ಮೆ ಇಲ್ಲ, ಕೇಳಿದವರಿಗೆಲ್ಲ "ಮೂಗಿನ ಡಾಕ್ಟರ್" ಅಂದುಬಿಡುತ್ತಾಳೆ. ಹಾಗಾಗಿ ಆ ಹುಡುಗಿ ರಜೆಗೆ ಬಂದರೆ ಅರ್ಧ ಊರು ಸೈನಸ್ಸಿಗೆ ಮದ್ದು ಕೇಳುತ್ತೆ. ನಾನೂ ವೀಡಿಯೋ ಕಾಲ್ ಮಾಡಿದೆ.

"ಮಾವ, ಒಬ್ಬರನ್ನ ಎಂಆರ್‌ಐ ಮೆಷಿನ್ ಒಳಗೆ ಮಲಗಿಸ್ತೀವಿ. ಕೊಳವೆಯಲ್ಲಿ ಮೂಗಿನ ಹತ್ತಿರಕ್ಕೆ ವಾಸನೆ ಬಿಡ್ತೀವಿ. ಮೆದುಳಿನ ಯಾವ ಭಾಗ ಕೆಲಸಕ್ಕಿಳಿಯುತ್ತೋ ಅಲ್ಲಿಗೆ ಆಮ್ಲಜನಕ ಇರೋ ರಕ್ತ ಜಾಸ್ತಿ ಹರಿಯುತ್ತೆ. ಆ ವ್ಯತ್ಯಾಸ ಅಯಸ್ಕಾಂತಕ್ಕೆ ಸಿಗುತ್ತೆ" ಅಂದಳು. 1990ರಲ್ಲಿ ಸೇಯ್ಜಿ ಒಗಾವಾ ಅನ್ನುವ ಜಪಾನಿನ ವಿಜ್ಞಾನಿ ಇದನ್ನು ಇಲಿಗಳಲ್ಲಿ ತೋರಿಸಿದರಂತೆ, ಎರಡೇ ವರ್ಷದಲ್ಲಿ ಮನುಷ್ಯರ ಸರದಿಯೂ ಬಂತಂತೆ. ಉಳಿದ ಇಂದ್ರಿಯಗಳ ಸುದ್ದಿಯೆಲ್ಲ ಥಲಾಮಸ್ ಅನ್ನುವ ಗೇಟಿನಲ್ಲಿ ನಿಂತು ಒಳಗೆ ಹೋಗಬೇಕು, ವಾಸನೆಗೆ ಮಾತ್ರ ಆ ಕಾಯುವಿಕೆ ಇಲ್ಲ. ನೇರ ಒಳಗೆ, ನೆನಪು ಮತ್ತು ಭಾವನೆಗಳ ಪಕ್ಕಕ್ಕೇ. ನಮ್ಮ ಕಡೆ ಹತ್ತಿರದ ನೆಂಟರು ಹಿತ್ತಲ ಬಾಗಿಲಿಂದ ಸೀದಾ ಅಡುಗೆಮನೆಗೆ ಬರ್ತಾರಲ್ಲ, ಹಾಗೆ.

ಆದರೆ ಅವಳ ಕಷ್ಟಗಳನ್ನು ಕೇಳಿ ನನಗೆ ನನ್ನ ಮೂಗೇ ವಾಸಿ ಅನ್ನಿಸಿತು. ಮೆಷಿನ್ ರೂಮಿನೊಳಗೆ ಕಬ್ಬಿಣ ಸೇರಿಸುವ ಹಾಗಿಲ್ಲ, ಆದ್ದರಿಂದ ವಾಸನೆ ಬಿಡುವ ಯಂತ್ರ ಹೊರಗಿರಬೇಕು, ಉದ್ದದ ಟೆಫ್ಲಾನ್ ಕೊಳವೆ ಮಾತ್ರ ಒಳಗೆ. ಒಮ್ಮೆ ಬಿಟ್ಟ ವಾಸನೆ ಬೇಗ ಹೋಗಲ್ಲ, ಅದನ್ನು ಎಳೆದು ಹಾಕಬೇಕು. ಇಷ್ಟೆಲ್ಲ ಆದ ಮೇಲೆ ಮೆದುಳಿಗೆ ಒಂದೇ ವಾಸನೆ ಸ್ವಲ್ಪ ಹೊತ್ತಿಗೇ ಬೇಜಾರಾಗಿ ಅದು ಸುಮ್ಮನಾಗಿಬಿಡುತ್ತೆ. (ಇದು ನಮಗೆ ಹೊಸದಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ಕೆಲಸ ಮಾಡುವವರನ್ನು ಕೇಳಿ. "ನಾತಾನಾ? ಎಲ್ಲಿ?" ಅಂತಾರೆ.) ಕೊನೆಗೆ ಎಲ್ಲಕ್ಕಿಂತ ದೊಡ್ಡ ತಮಾಷೆ. ವಾಸನೆ ಅಳೆದು ತೂಗುವ ಭಾಗ ಇರುವುದು ಕಣ್ಣಿನ ಮೇಲ್ಗಡೆ. ಅದಕ್ಕೆ ಅಂಟಿಕೊಂಡೇ ಮೂಗಿನ ಗಾಳಿಗೂಡುಗಳು. ಆ ಗಾಳಿಯಿಂದಾಗಿ ಚಿತ್ರ ಅಲ್ಲೇ ಕೆಡುತ್ತೆ. ಮೂಗಿನ ಕೆಲಸ ನೋಡೋಕೆ ಹೋದರೆ ಮೂಗೇ ಅಡ್ಡ!

ಸೆಪ್ಟೆಂಬರ್ ಬಂದರೂ ಮೂಗು ತಿರುಗಿ ಬರಲಿಲ್ಲ. ಡಾಕ್ಟರು ಯಾವುದಕ್ಕೂ ಇರಲಿ ಅಂತ ಒಂದು ಎಂಆರ್‌ಐ ಬರೆದುಕೊಟ್ಟರು. ಸ್ಕ್ಯಾನ್ ಮಾಡಿಸಲು ಘಟ್ಟ ಇಳಿದು ಹೋಗಬೇಕಿತ್ತು. ಹಿಂದಿನ ರಾತ್ರಿ ನನಗೊಂದು ಯೋಚನೆ ಬಂತು. ಮೂಸೋಕೆ ಏನೂ ಇಲ್ಲದೆ ಒಳಗೆ ಮಲಗಿದರೆ ಮೆಷಿನ್ ಏನನ್ನು ನೋಡುತ್ತೆ? ಮೆದುಳಿಗೆ ಏನಾದರೂ ಕೆಲಸ ಕೊಡಬೇಕಲ್ವಾ? ಮನೆಯಲ್ಲಿ ಎಲ್ಲಕ್ಕಿಂತ ಗಟ್ಟಿ ವಾಸನೆ ಯಾವುದು ಅಂತ ಹುಡುಕಿ, ಸಣ್ಣ ಬಾಟ್ಲಿಯಲ್ಲಿ ಕಾಚಂಪುಳಿ ತುಂಬಿಕೊಂಡೆ. ಗೊತ್ತಿಲ್ಲದವರಿಗೆ ಹೇಳಬೇಕು ಅಂದರೆ, ಅದು ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಅಡುಗೆಗೆ ಹಾಕುವ ಹುಳಿ. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಡಾಂಬರಿನ ಹಾಗೆ ಕಪ್ಪಗೆ, ಮಂದ ಮಾಡಿರುತ್ತಾರೆ.

ಅಲ್ಲಿ ಕೊಟ್ಟ ಗೌನಿಗೆ ಜೇಬೇ ಇರಲಿಲ್ಲ. ಬಾಟ್ಲಿಯನ್ನು ಚಡ್ಡಿಯ ಎಲಾಸ್ಟಿಕ್ಕಿಗೆ ಸಿಕ್ಕಿಸಿಕೊಂಡೆ.

ಹುಡುಗ ಫಾರಂ ಹಿಡಿದು ಕೇಳಿದ. "ಉಂಗುರ, ವಾಚು, ಚೈನು, ಮೈಮೇಲೆ ಯಾವುದಾದ್ರೂ ಲೋಹ ಇದೆಯಾ ಸಾರ್?" ಇಲ್ಲ ಅಂದೆ. ಆಮೇಲೆ ಬಾಟ್ಲಿಯ ಮುಚ್ಚಳ ನೆನಪಾಯಿತು. ತಗಡಿನದು. ಒಳಗಿರುವುದು 3 ಟೆಸ್ಲಾ ಮೆಷಿನ್, ಭೂಮಿಯ ಅಯಸ್ಕಾಂತ ಬಲಕ್ಕಿಂತ ಸುಮಾರು 60,000 ಪಟ್ಟು ಜಾಸ್ತಿ ಅಂತ ಸೊಸೆ ಹೇಳಿದ್ದಳು. ಮುಚ್ಚಳ ಹಾರಿದರೆ ಯಾವ ದಾರಿಯಲ್ಲಿ ಹಾರುತ್ತೆ ಅಂತ ಯೋಚಿಸಿ ಬೆವರು ಬಂತು. ಗಡಿಬಿಡಿಯಲ್ಲಿ ಗೌನಿನ ಮೇಲಿಂದಲೇ ಮುಚ್ಚಳ ಒತ್ತಿ ಹಿಡಿಯೋಕೆ ಹೋದೆ. ಅದು ಕಳಚಿಕೊಂಡಿತು. ತೊಡೆಯ ಮೇಲೆ ತಣ್ಣಗೆ ಏನೋ ಇಳಿಯತೊಡಗಿತು. ಮಂಡಿ ದಾಟಿತು. ಮೀನಖಂಡದಲ್ಲಿ ಒಂದು ಕ್ಷಣ ನಿಂತು, ನಿಧಾನಕ್ಕೆ ಪಾದ ಮುಟ್ಟಿ, ಬಿಳಿ ಟೈಲ್ಸಿನ ಮೇಲೆ ಕಪ್ಪಗೆ ಒಂದು ತೊಟ್ಟು ಬಿತ್ತು.

ಹುಡುಗ ಅದನ್ನೇ ನೋಡಿದ. ನನ್ನ ಮುಖ ನೋಡಿದ. ಬಹಳ ಮೃದುವಾಗಿ, "ಸಾರ್, ಟಾಯ್ಲೆಟ್ ಬಲಗಡೆ" ಅಂದ.

"ಅಯ್ಯೋ, ಇದು ಅದಲ್ಲಪ್ಪಾ, ಹುಳಿ. ಪಂದಿಗೆ ಹಾಕೋದು."

"ಆಯ್ತು ಸಾರ್. ನಿಧಾನಕ್ಕೆ ಹೋಗಿ."

ತೊಳೆದುಕೊಂಡು ಬಂದು, ಬೇರೆ ಗೌನು ತೊಟ್ಟು, ಮೂಸೋಕೆ ಏನೂ ಇಲ್ಲದೆ ಆ ಡಬ್ಬದೊಳಗೆ ಟಕಟಕ ಡರ್‌ಡರ್ ಕೇಳುತ್ತಾ ಮಲಗಿದೆ. ರಿಪೋರ್ಟ್ ನಾರ್ಮಲ್. ಸೊಸೆಗೆ ಫೋನ್ ಮಾಡಿ ನಡೆದದ್ದು ಹೇಳಿದರೆ ಆ ಕಡೆ ಎರಡು ನಿಮಿಷ ಬರೀ ನಗು. "ಮಾವ, ನಿಮಗೆ ಮಾಡಿದ್ದು ಮನೆಯ ನಕ್ಷೆ ತೆಗೆಯೋ ಸ್ಕ್ಯಾನ್. ಮನೆಯೊಳಗೆ ಯಾರು ಏನು ಮಾಡ್ತಿದ್ದಾರೆ ಅಂತ ನೋಡೋದು ಬೇರೆ."

ಅವಳೇ ಒಂದು ವ್ಯಾಯಾಮ ಹೇಳಿಕೊಟ್ಟಳು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹಮ್ಮೆಲ್ ಅನ್ನುವವರು 2009ರಲ್ಲಿ ಪ್ರಕಟಿಸಿದ್ದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆರಡು ಸಲ, 12 ವಾರ ಮೂಸಬೇಕು. ನಾಲ್ಕೂ ಮನೆಯಲ್ಲೇ ಇದ್ದವು. ಬೆಳಿಗ್ಗೆ ಸಂಜೆ ದೇವರ ಮುಂದೆ ಕೂತ ಹಾಗೆ ಕೂತು ಮೂಸಿದೆ. ಮೂರು ವಾರ ಆದ ಮೇಲೆ ಇವಳು ಪರೀಕ್ಷೆ ಮಾಡ್ತೀನಿ ಅಂತ ಕಣ್ಣು ಮುಚ್ಚಿಸಿ ಒಂದು ಬಾಟ್ಲಿ ಹಿಡಿದಳು. ಉಸಿರು ಎಳೆದೆ. ತೆಳ್ಳಗೆ, ದೂರದಿಂದ, ಬಂದೇ ಬಂತು!

"ಗುಲಾಬಿ!"

ಕಣ್ಣು ಬಿಟ್ಟೆ. ಬಾಟ್ಲಿ ಖಾಲಿ. ತೊಳೆದು ಒಣಗಿಸಿ ತಂದಿದ್ದಳು. ಅವತ್ತಿಂದ ಮನೆಯಲ್ಲಿ ನನ್ನ ಯಾವ ಮಾತಿಗೂ ಉತ್ತರ "ಹೌದೌದು, ಗುಲಾಬಿ" ಅಂತಲೇ.

ಸಮಾಧಾನಕ್ಕೆ ಸೊಸೆಗೆ ಮತ್ತೆ ಕಾಲ್. 1998ರಲ್ಲಿ ನೋಮ್ ಸೋಬೆಲ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು ಎಫ್‌ಎಂಆರ್‌ಐನಲ್ಲಿ, ಅಂದರೆ ಮೆದುಳು ಕೆಲಸ ಮಾಡೋದನ್ನು ತೋರಿಸುವ ಆ ಸ್ಕ್ಯಾನಿನಲ್ಲಿ ನೋಡಿದ್ದಾರಂತೆ, ವಾಸನೆಯೇ ಇಲ್ಲದ ಗಾಳಿಯನ್ನು ಮೂಸಿದರೂ ಮೆದುಳಿನ ವಾಸನೆಯ ಜಾಗ ಎದ್ದು ಕೂರುತ್ತೆ. ಅಂದರೆ ನನ್ನದು ಪೂರ್ತಿ ಸುಳ್ಳಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸ್ಪೀಕರ್ ಆನ್ ಇದ್ದಾಗ ಇನ್ನೊಂದು ಹೇಳಿಬಿಟ್ಟಳು. 2005ರಲ್ಲಿ ಆಕ್ಸ್‌ಫರ್ಡ್‌ನವರು ಒಂದೇ ವಾಸನೆಯನ್ನು ಒಮ್ಮೆ "ಚೆಡ್ಡಾರ್ ಚೀಸ್" ಅಂತ, ಇನ್ನೊಮ್ಮೆ "ಮೈ ನಾತ" ಅಂತ ಹೆಸರಿಟ್ಟು ಕೊಟ್ಟರಂತೆ. ಚೀಸ್ ಅಂದಾಗ ಜನಕ್ಕೆ ಹೆಚ್ಚು ಹಿತವಾಯಿತು, ಮೆದುಳಿನ ಚಿತ್ರವೂ ಹಾಗೇ ಬದಲಾಯಿತು. ಇವಳು ಕಿವಿಗೊಟ್ಟು ಕೇಳಿದಳು. ಮರುದಿನದಿಂದ ನಿನ್ನೆಯ ಸಾರು ನಮ್ಮ ಮನೆಯಲ್ಲಿ "ಗೊಜ್ಜು" ಆಯಿತು.

ನವೆಂಬರ್‌ನಲ್ಲಿ ಮೂಗು ಬಾಗಿಲು ತೆರೆಯಿತು, ಆದರೆ ತಲೆಕೆಳಗಾಗಿ. ಕಾಫಿ ಲೋಟ ಬಾಯಿ ಹತ್ತಿರ ತಂದರೆ ಸುಟ್ಟ ಟೈರು. ಕಾಫಿಗೆ ಒಳ್ಳೆ ರೇಟು ಬಂದ ವರ್ಷ, ಕಣದಲ್ಲಿ ಬೀಜ ಒಣಗುತ್ತಿದೆ, ಬೆಳೆದವನೇ ಲೋಟ ಕಂಡು ಮುಖ ತಿರುಗಿಸಿಕೊಂಡು ಕೂತಿದ್ದೇನೆ. ಕಾಫಿಯ ಘಮದಲ್ಲಿರುವ ಗಂಧಕದ ಒಂದು ವಸ್ತು ಹೀಗೆ ಅನೇಕರಿಗೆ ಕಾಟ ಕೊಡುತ್ತೆ, ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಅದನ್ನು ಗುರುತು ಹಿಡಿದಿದ್ದಾರೆ ಅಂತ ಸೊಸೆ ಹೇಳಿದಳು. ಬಂದ ನೆಂಟರಿಗೆ ಇದನ್ನು ವಿವರಿಸೋದು ಹೇಗೆ? ಟೀ ಕೇಳಿದೆ. ಪಕ್ಕದ ತೋಟದ ಅಣ್ಣ ಇನ್ನೂ ಮರೆತಿಲ್ಲ.

ಡಿಸೆಂಬರ್‌ನ ಒಂದು ಸಂಜೆ ಅಂಗಳದಲ್ಲಿ ನಿಂತಿದ್ದೆ. ಹೊಳೆ ಕಡೆಯಿಂದ ಗಾಳಿ ಬೀಸಿತು. ಹಸಿ ಹುಲ್ಲು, ಕೆಸರು, ಲದ್ದಿ, ಎಲ್ಲ ಸೇರಿದ ಒಂದು ಭಾರದ ವಾಸನೆ. ಇಲ್ಲಿ ಹುಟ್ಟಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ.

"ಆನೆ ಬಂದಿದೆ ಕಣೇ. ಬಾಳೆ ಹತ್ತಿರ."

"ಹೌದೌದು, ಗುಲಾಬಿ" ಅಂದಳು ಒಳಗಿನಿಂದ.

ಬೆಳಿಗ್ಗೆ ಎದ್ದು ನೋಡಿದರೆ ಏಳು ಬಾಳೆ ನೆಲಕ್ಕೆ ಮಲಗಿದ್ದವು, ಬೈನೆ ಮರ ಸೀಳಿತ್ತು, ದಾರಿ ನಡುವೆ ಬುಟ್ಟಿಗಾತ್ರದ ಲದ್ದಿ, ಚಳಿಗೆ ಇನ್ನೂ ಹಬೆ ಏಳುತ್ತಿತ್ತು. ಇವಳು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, ಬಹಳ ಹೊತ್ತು ಅದನ್ನೇ ನೋಡಿ, "ಸರಿ, ಇದು ಯಾವ ವಾಸನೆ ಹೇಳಿ ನೋಡೋಣ" ಅಂದಳು.

ಉಸಿರು ಪೂರ್ತಿ ಎಳೆದುಕೊಂಡೆ.

"ಗುಲಾಬಿ" ಅಂದೆ.