ತಾರಸಿಯ ಡೆಕ್‌ಗೆ ಎಂಜಿನಿಯರ್ ಬೇಡವೇ?

ತಾರಸಿಯ ಮೇಲೆ ಡೆಕ್, ಅಂದರೆ ಮರದ ಹಲಗೆಗಳ ಎತ್ತರಿಸಿದ ನೆಲ, ಹಾಕಿಸುವುದರ ಬಗ್ಗೆ ಪ್ರಕಟವಾದ ಲೇಖನವೊಂದನ್ನು ಓದಿದೆ. ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ತಾರಸಿ ಇರುವವರು ಇದಕ್ಕೆ ಎಂಜಿನಿಯರನ್ನು ಕೇಳಬೇಕಾಗಿಲ್ಲ ಎಂಬ ಅದರ ಲೇಖಕರ ಮಾತನ್ನು ಒಪ್ಪಲಾಗದು. ಕಟ್ಟಡಗಳು ಹೊರಬೇಕಾದ ಭಾರದ ಬಗೆಗಿನ ಭಾರತೀಯ ಮಾನದಂಡ ಐಎಸ್ 875ರ ಎರಡನೆಯ ಭಾಗದ ಪ್ರಕಾರ, ಜನ ಓಡಾಡುವ ತಾರಸಿಗೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಭಾರವನ್ನು. ಹತ್ತಿ ಹೋಗುವ ವ್ಯವಸ್ಥೆಯಿಲ್ಲದ ತಾರಸಿಗೆ ಅದರ ಅರ್ಧ ಮಾತ್ರ. ಹಲಗೆಗಳ ತೂಕ ದೊಡ್ಡದಲ್ಲ, ನಿಜ. ಆದರೆ ಲೇಖನ ಸೂಚಿಸುವಂತೆ ಅಂಚಿನುದ್ದಕ್ಕೂ ಒಂದಡಿ ಆಳದ ಮಣ್ಣಿನ ತೊಟ್ಟಿಗಳನ್ನು ಕಟ್ಟಿಸಿದರೆ, ಮಳೆಗಾಲದಲ್ಲಿ ನೆನೆದ ಆ ಮಣ್ಣಿನ ಭಾರವೊಂದೇ ಚದರ ಮೀಟರಿಗೆ 500 ಕಿಲೋ ಮೀರಬಹುದು. ಅದರ ಮೇಲೆ ಹಬ್ಬಕ್ಕೆ ಬಂದ ನೆಂಟರನ್ನೂ ಸೇರಿಸಿಕೊಳ್ಳಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಪ್ಯಾರಾಪೆಟ್, ಅಂದರೆ ತಾರಸಿಯ ಅಂಚಿನ ಗಿಡ್ಡ ಗೋಡೆಯ ವಿಷಯ, ಏಕೆಂದರೆ ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಒಂದು ಮೀಟರ್ ಎತ್ತರವನ್ನು ಅಳೆಯಬೇಕಾದದ್ದು ನಾವು ಕಾಲಿಡುವ ನೆಲದಿಂದ. ಡೆಕ್ 20 ಸೆಂಟಿಮೀಟರ್ ಮೇಲೆದ್ದರೆ ನಿಯಮದಂತೆ ಕಟ್ಟಿದ್ದ ಗೋಡೆ 80 ಸೆಂಟಿಮೀಟರಿಗೆ ಇಳಿಯುತ್ತದೆ, ಗೋಡೆಗೆ ತಾಗಿದ ತೊಟ್ಟಿಯಂತೂ ಮಕ್ಕಳಿಗೆ ಹತ್ತಲು ಮೆಟ್ಟಿಲೇ ಆಗುತ್ತದೆ. ಕೊರತೆ ತುಂಬಲು ರೇಲಿಂಗ್ ಹಾಕಿಸುವವರು ಅದನ್ನು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಗೆ ಬರೀ ಬೋಲ್ಟ್ ಹೊಡೆದು ನಿಲ್ಲಿಸಬಾರದು. ನಾಲ್ಕು ಜನ ಒಮ್ಮೆಗೆ ಒರಗಿದರೂ ತಡೆಯುವಂತೆ ಅದನ್ನು ಕಾಂಕ್ರೀಟಿಗೆ ಬಿಗಿಯಬೇಕು. ಹಲಗೆಯ ಚೌಕಟ್ಟನ್ನು ಸ್ಲ್ಯಾಬಿಗೆ ಕೊರೆದು ಕೂರಿಸುವ ಸಲಹೆಯೂ ಸರಿಯಲ್ಲ, ವಾಟರ್‌ಪ್ರೂಫಿಂಗ್ ಪದರ ತೂತಾಗುವುದೇ ಅಲ್ಲಿ.